ಬದಲಾವಣೆಯ ಕಾಲದ ಹಾಡುಗಳನ್ನು ಶಾಲೆಯ ವೇದಿಕೆಯಲ್ಲಿ ಹಾಡಿಸಬಹುದೇ?

ಪ್ರಶ್ನೆ: ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿ. ಈ ವರ್ಷದ ವಾರ್ಷಿಕೋತ್ಸವಕ್ಕೆ ‘ಬದಲಾವಣೆಯ ಕಾಲದ ಹಾಡುಗಳು’ ಎಂಬ ನಲವತ್ತು ನಿಮಿಷದ ಕಾರ್ಯಕ್ರಮಕ್ಕೆ ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬರ್ಲಿನ್ ಗೋಡೆಯ ಕಾಲದ ‘ವಿಂಡ್ ಆಫ್ ಚೇಂಜ್’, ಐರ್ಲೆಂಡಿನ ಹಿಂಸೆಯನ್ನು ಕುರಿತ ‘ಜಾಂಬಿ’, ಎಸ್ಟೋನಿಯಾದ ಒಂದು ಹಾಡು, ದಕ್ಷಿಣ ಆಫ್ರಿಕಾದ ರಾಷ್ಟ್ರಗೀತೆ, ಕೊನೆಗೆ ನಮ್ಮ ಏಕೀಕರಣದ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಎಂದು ಪಟ್ಟಿ ಮಾಡಿದ್ದೇನೆ. ನಿರೂಪಣೆ ಮಾಡುವ ಒಂಬತ್ತನೇ ತರಗತಿಯ ಹುಡುಗಿ ‘ಬರ್ಲಿನ್ ಗೋಡೆಯನ್ನು ಕೆಡವಿದ ಹಾಡು ಇದು’ ಎಂದು ಬರೆದುಕೊಂಡಾಗ, ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಆ ಹಾಡು ಬಂದದ್ದೇ ಗೋಡೆ ಬಿದ್ದ ಮೇಲೆ ಎಂದರು. ಪೋಷಕರೊಬ್ಬರು ಅದನ್ನು ಅಮೆರಿಕದ ಬೇಹುಗಾರಿಕೆ ಸಂಸ್ಥೆಯವರೇ ಬರೆಸಿದ್ದಂತೆ ಎಂದರು. ಇದಕ್ಕಿಂತ ಹೆಚ್ಚಿನ ಚಿಂತೆ ಇನ್ನೊಂದಿದೆ. ಹೋದ ವರ್ಷ ನಮ್ಮ ಬಡಾವಣೆಯಲ್ಲಿ ಮೆರವಣಿಗೆಯ ಹಾಡಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಠಾಣೆಯಲ್ಲಿ ಶಾಂತಿ ಸಭೆ ಕರೆಯಬೇಕಾಯಿತು. ಹೀಗಿರುವಾಗ ರಕ್ತಪಾತ ಕಂಡ ನಾಡುಗಳ ಹಾಡುಗಳನ್ನು ಮಕ್ಕಳ ಬಾಯಲ್ಲಿ ಹಾಡಿಸುವುದು ಬೇಡವೆಂದು ಶಾಲಾ ಸಮಿತಿಯ ಸದಸ್ಯರೊಬ್ಬರು ಹೇಳುತ್ತಿದ್ದಾರೆ. ಮಾತುಗಳನ್ನು ಬಿಟ್ಟು ಧಾಟಿಯನ್ನಷ್ಟೇ ಕೀಬೋರ್ಡಿನಲ್ಲಿ ನುಡಿಸಿದರೆ ಅಥವಾ ಸಿಟ್ಟಿನ ಚರಣಗಳನ್ನು ಕೈಬಿಟ್ಟರೆ ತೊಂದರೆ ತಪ್ಪುತ್ತದೆಯೇ? ಕಾರ್ಯಕ್ರಮದ ವಿಡಿಯೊವನ್ನು ಯೂಟ್ಯೂಬಿಗೆ ಹಾಕಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಹಾಡು ಮತ್ತು ಚರಿತ್ರೆಯ ನಡುವಿನ ನಂಟನ್ನು ಮಕ್ಕಳಿಗೆ ಸುಳ್ಳಾಗಿ ಕಲಿಸಿಬಿಡುತ್ತೇವೆಯೋ ಎಂಬುದು ಮೊದಲನೆಯದು. ದೂರದ ನಾಡಿನ ಗಾಯವನ್ನು ಹಾಡಲು ಹೋಗಿ ಹತ್ತಿರದ ಗಾಯವನ್ನು ಕೆದಕುತ್ತೇವೆಯೋ ಎಂಬುದು ಎರಡನೆಯದು. ಹಾಡಿನ ಸಾಮಾಜಿಕ ಇತಿಹಾಸವನ್ನು ಕಾಲೇಜಿನಲ್ಲಿ ಪಾಠ ಮಾಡುತ್ತ, ಹಳೆಯ ಹಾಡುಗಳನ್ನು ಹಿರಿಯರಿಂದ ಕೇಳಿ ದಾಖಲಿಸುತ್ತ ಬಂದ ನನಗೆ ಈ ಎರಡಕ್ಕೂ ಒಂದೇ ಕಡೆಯಿಂದ ಉತ್ತರ ಹುಡುಕಬೇಕೆನಿಸುತ್ತದೆ. ಯಾವ ಹಾಡನ್ನೇ ತೆಗೆದುಕೊಳ್ಳಿ, ಅದನ್ನು ಯಾರು, ಯಾವಾಗ, ಯಾರ ಎದುರು ಹಾಡಿದರು, ಕೇಳಿದವರಲ್ಲಿ ನೋವಾದವರು ಯಾರಾದರೂ ಇದ್ದರೇ ಎಂದು ವಿಚಾರಿಸಿದರೆ, ಚರಿತ್ರೆಯ ಸತ್ಯವೂ ವೇದಿಕೆಯ ಔಚಿತ್ಯವೂ ಒಟ್ಟಿಗೆ ತಿಳಿಯಾಗುತ್ತವೆ.

ನಿಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಹೇಳಿದ್ದು ಸರಿಯಾಗಿದೆ. 1989ರ ಆಗಸ್ಟ್‌ನಲ್ಲಿ ಮಾಸ್ಕೋದ ಲೆನಿನ್ ಕ್ರೀಡಾಂಗಣದಲ್ಲಿ ದೊಡ್ಡದೊಂದು ರಾಕ್ ಸಂಗೀತೋತ್ಸವ ನಡೆಯಿತು. ಅಲ್ಲಿ ಹಾಡಲು ಹೋಗಿದ್ದ ಪಶ್ಚಿಮ ಜರ್ಮನಿಯ ಸ್ಕಾರ್ಪಿಯನ್ಸ್ ತಂಡದ ಗಾಯಕ ಕ್ಲಾಸ್ ಮೈನ ಅವರು ಅಲ್ಲಿ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಊರಿಗೆ ಮರಳಿದ ಮೇಲೆ ಈ ಹಾಡನ್ನು ಬರೆದರು. ಅದರಲ್ಲಿ ಬರುವ ನದಿಯೂ ಉದ್ಯಾನವೂ ಮಾಸ್ಕೋದವೇ ಹೊರತು ಬರ್ಲಿನ್ನಿನವಲ್ಲ. ಗೋಡೆ ತೆರೆದದ್ದು 1989ರ ನವೆಂಬರ್ 9ರಂದು. ಹಾಡು ಧ್ವನಿಸುರುಳಿಯಲ್ಲಿ ಹೊರಬಂದದ್ದು 1990ರ ನವೆಂಬರ್‌ನಲ್ಲಿ, ಅಂದರೆ ಜರ್ಮನಿಯ ಎರಡೂ ಭಾಗಗಳು ಅದಾಗಲೇ ಒಂದಾಗಿದ್ದವು. ಯುರೋಪಿನ ತುಂಬ ಅದು ಮೊಳಗಿದ್ದು 1991ರಲ್ಲಿ, ಆ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೂ ಇಲ್ಲವಾಯಿತು. ಆದ್ದರಿಂದ ‘ಗೋಡೆಯನ್ನು ಕೆಡವಿದ ಹಾಡು’ ಎಂಬ ಮಾತನ್ನು ನಿರೂಪಣೆಯಿಂದ ತೆಗೆಯಬೇಕು. ‘ಗೋಡೆ ಬೀಳುವುದಕ್ಕೆ ಮೂರು ತಿಂಗಳ ಮೊದಲು ಮಾಸ್ಕೋದಲ್ಲಿ ಹೊಳೆದು, ಗೋಡೆ ಬಿದ್ದ ಮೇಲೆ ಲೋಕಕ್ಕೆ ಕೇಳಿಸಿದ ಹಾಡು’ ಎಂದು ಆ ಹುಡುಗಿ ಹೇಳಿದರೆ ಅದು ಸತ್ಯವೂ ಹೌದು, ಕೇಳುವುದಕ್ಕೂ ಚೆನ್ನಾಗಿದೆ.

ಬೇಹುಗಾರಿಕೆಯ ಮಾತಿಗೆ ಬಂದರೆ, 2020ರಲ್ಲಿ ಅಮೆರಿಕದ ಪತ್ರಕರ್ತರೊಬ್ಬರು ಆ ವದಂತಿಯನ್ನು ಬೆನ್ನಟ್ಟಿ ಧ್ವನಿ ಸರಣಿಯೊಂದನ್ನು ಮಾಡಿದ ಬಳಿಕ ಅದು ಎಲ್ಲೆಡೆ ಹರಡಿತು. ಕವಿ-ಗಾಯಕರು ಅದನ್ನು ನಿರಾಕರಿಸಿದ್ದಾರೆ, ಆ ಸರಣಿಯೂ ಪುರಾವೆಯನ್ನು ಮುಂದಿಡಲಿಲ್ಲ. ಪೋಷಕರಿಗೆ ಇಷ್ಟನ್ನು ಸಮಾಧಾನದಿಂದ ಹೇಳಿದರೆ ಸಾಕು.

ಇಷ್ಟು ಸ್ಪಷ್ಟವಾಗಿ ಹಿಂದುಮುಂದಾದ ದಿನಾಂಕಗಳನ್ನು ನಮ್ಮ ನೆನಪು ಹೇಗೆ ಒಟ್ಟಿಗೆ ಹೊಸೆಯಿತು ಎಂಬುದು ಮಕ್ಕಳಿಗೆ ವಿವರಿಸಬೇಕಾದ ಸಂಗತಿ. ಹದಿಹರೆಯದಿಂದ ಇಪ್ಪತ್ತರ ಹರೆಯದವರೆಗೆ ಕೇಳಿದ ಹಾಡುಗಳು ಉಳಿದ ವಯಸ್ಸಿನಲ್ಲಿ ಕೇಳಿದವುಗಳಿಗಿಂತ ಗಟ್ಟಿಯಾಗಿ ನೆನಪಿನಲ್ಲಿ ನಿಲ್ಲುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಗುರುತಿಸಿದ್ದಾರೆ. 1989ರಲ್ಲಿ ಆ ವಯಸ್ಸಿನಲ್ಲಿದ್ದ ಯುರೋಪಿನ ಒಂದು ಪೀಳಿಗೆಗೆ ಗೋಡೆಯ ದೃಶ್ಯವೂ ಈ ಧಾಟಿಯೂ ಹೆಚ್ಚು ಅಂತರವಿಲ್ಲದೆ ಬಂದವು. ಆಮೇಲೆ ದೂರದರ್ಶನ ವಾಹಿನಿಗಳು ಪ್ರತಿ ವಾರ್ಷಿಕ ಸ್ಮರಣೆಯಂದೂ ಗೋಡೆಯ ಮೇಲೆ ಹತ್ತಿ ನಿಂತ ಜನರ ಚಿತ್ರಗಳಿಗೆ ಇದೇ ಹಾಡನ್ನು ಹಿನ್ನೆಲೆಯಾಗಿ ಕೂಡಿಸುತ್ತ ಬಂದವು. ಹತ್ತಾರು ವರ್ಷ ಹೀಗೆ ಕಂಡು ಕೇಳಿದವರಿಗೆ ಆ ರಾತ್ರಿಯೇ ಜನ ಅದನ್ನು ಹಾಡುತ್ತಿದ್ದರೆಂದು ತೋರುವುದು ಸಹಜ. ಹಾಡು ಒಂದು ಕಾಲವನ್ನು ನೆನಪಿಗೆ ತರುವುದು ಬೇರೆ, ಆ ಕಾಲವನ್ನು ಉಂಟುಮಾಡುವುದು ಬೇರೆ ಎಂಬ ವಿವೇಕ ಹದಿನಾಲ್ಕು ವರ್ಷದ ಮಕ್ಕಳಿಗೆ ದಕ್ಕದ್ದೇನಲ್ಲ.

ಹಾಗೆಂದು ಹಾಡುಗಳು ಎಂದೂ ಏನನ್ನೂ ಮಾಡಿಲ್ಲ ಎಂದು ಇನ್ನೊಂದು ಬದಿಗೆ ವಾಲಬೇಕಾಗಿಯೂ ಇಲ್ಲ. ಪೋರ್ಚುಗಲ್ಲಿನಲ್ಲಿ 1974ರ ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷಕ್ಕೆ ರೇಡಿಯೊದಲ್ಲಿ ಬಂದ ಒಂದು ಪ್ರೇಮಗೀತೆಯೂ, ನಡುರಾತ್ರಿ ಕಳೆದು 20 ನಿಮಿಷಕ್ಕೆ ಬಂದ ಜೋಸೆ ಅಫೋನ್ಸೊ ಅವರ ‘ಗ್ರಾಂಡೊಲ, ವಿಲ ಮೊರೇನ’ ಎಂಬ ಹಾಡೂ ಸೇನೆಯ ಕಿರಿಯ ಅಧಿಕಾರಿಗಳು ಮೊದಲೇ ಗೊತ್ತುಮಾಡಿಕೊಂಡಿದ್ದ ಸನ್ನೆಗಳಾಗಿದ್ದವು. ಎರಡನೆಯದು ಕೇಳಿಸಿದೊಡನೆ ತುಕಡಿಗಳು ಬ್ಯಾರಕ್ಕುಗಳಿಂದ ಹೊರಟವು, ಮರುದಿನ ಸಂಜೆಯೊಳಗೆ ನಾಲ್ಕು ದಶಕಗಳಿಗೂ ಮಿಕ್ಕಿದ ಸರ್ವಾಧಿಕಾರ ಕೊನೆಗೊಂಡಿತು. ಆಫ್ರಿಕಾದ ವಸಾಹತುಗಳಲ್ಲಿ 1961ರಿಂದ ನಡೆಯುತ್ತಿದ್ದ ಯುದ್ಧಗಳಿಗೆ ಮಂಗಳ ಹಾಡುವುದೇ ಆ ಅಧಿಕಾರಿಗಳ ಮುಖ್ಯ ಬೇಡಿಕೆಯಾಗಿತ್ತು. ಇದರ ಫಲ ನಮ್ಮ ನೆರೆಯವರೆಗೂ ಬಂತು: 1961ರಲ್ಲೇ ಬಿಡುಗಡೆಯಾಗಿದ್ದ ಗೋವೆಯ ಮೇಲೆ ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಒಪ್ಪಂದದ ಮೂಲಕ ಒಪ್ಪಿಕೊಂಡದ್ದು ಅದೇ 1974ರ ಡಿಸೆಂಬರ್ 31ರಂದು. ಇಲ್ಲಿ ಹಾಡು ಕೆಲಸ ಮಾಡಿತು, ಆದರೆ ತಿಂಗಳುಗಟ್ಟಲೆ ಗುಟ್ಟಾಗಿ ಸಿದ್ಧತೆ ನಡೆಸಿದವರು ಇದ್ದುದರಿಂದ ಮಾಡಿತು. ನಿಮ್ಮ ಪಟ್ಟಿಯಲ್ಲಿ ಇದಿಲ್ಲ. ಸೇರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅದು ಪೋರ್ಚುಗಲ್ಲಿನ ದಕ್ಷಿಣದ ಅಲೆಂಟೇಜೊ ಸೀಮೆಯ ದುಡಿಯುವ ಜನ ಗುಂಪಾಗಿ ಹಾಡುವ ಧಾಟಿಯಲ್ಲಿದೆ, ಧ್ವನಿಮುದ್ರಣದ ಮೊದಲಿಗೆ ಗರಸಿನ ಮೇಲೆ ಕೂಡಿ ನಡೆಯುವ ಹೆಜ್ಜೆಗಳ ಸದ್ದಿದೆ, ವಾದ್ಯಗಳಿಲ್ಲ. ಬಯಲು ವೇದಿಕೆಯಲ್ಲಿ ಇಪ್ಪತ್ತು ಮೂವತ್ತು ಮಕ್ಕಳು ಹೆಜ್ಜೆಯ ಲಯಕ್ಕೆ ಹಾಡಲು ಇದಕ್ಕಿಂತ ಹೊಂದುವ ಹಾಡು ಸಿಗುವುದು ಕಷ್ಟ.

ಎಸ್ಟೋನಿಯಾದ ಬಗ್ಗೆ ನಿಮ್ಮ ಆಯ್ಕೆ ಸರಿಯಾಗಿದೆ, ಆದರೆ ಅಲ್ಲಿಯೂ ಒಂದು ನಂಬಿಕೆಯನ್ನು ತಿದ್ದಿಕೊಳ್ಳಬೇಕು. ಹಾಡಿನಿಂದಲೇ ಸ್ವಾತಂತ್ರ್ಯ ಬಂತು, ಒಂದು ಹನಿ ರಕ್ತವೂ ಚೆಲ್ಲಲಿಲ್ಲ ಎಂದು, ಸೋವಿಯತ್ ಹಿಡಿತದಲ್ಲಿದ್ದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಬಾಲ್ಟಿಕ್ ನಾಡುಗಳ ಬಗ್ಗೆ ಒಟ್ಟಾರೆಯಾಗಿ ಹೇಳುವುದುಂಟು. ಎಸ್ಟೋನಿಯನ್ನರ ಗೀತೋತ್ಸವದ ಪರಂಪರೆ 1869ರಷ್ಟು ಹಳೆಯದು. ಕವಯಿತ್ರಿ ಲಿಡಿಯಾ ಕೊಯ್ಡುಲಾ ಅವರ ‘ನನ್ನ ನಾಡೇ ನನ್ನ ಪ್ರೀತಿ’ ಎಂಬರ್ಥದ ಕವಿತೆಗೆ ಗುಸ್ತಾವ್ ಎರ್ನೆಸಾಕ್ಸ್ ರಾಗ ಹಾಕಿದ್ದು 1944ರಲ್ಲಿ. 1947ರ ಉತ್ಸವದ ಬಳಿಕ ಸೋವಿಯತ್ ಆಡಳಿತ ಅದನ್ನು ದೂರವಿರಿಸಿತು, 1960ರಲ್ಲಿ ನೆರೆದ ಜನ ಯಾರೂ ಹೇಳದೆಯೇ ಅದನ್ನು ಹಾಡಿದರು. 1988ರ ಸೆಪ್ಟೆಂಬರ್ 11ರಂದು ತಾಲಿನ್ ನಗರದ ಹಾಡಿನ ಮೈದಾನದಲ್ಲಿ ಸುಮಾರು 3 ಲಕ್ಷ ಜನ ಸೇರಿದ್ದರು, ಆ ದೇಶದ ಜನಸಂಖ್ಯೆಯೇ ಆಗ ಸುಮಾರು 15 ಲಕ್ಷ. 1989ರ ಆಗಸ್ಟ್ 23ರಂದು ಮೂರು ಬಾಲ್ಟಿಕ್ ನಾಡುಗಳ ಸುಮಾರು 20 ಲಕ್ಷ ಮಂದಿ 600 ಕಿಲೊಮೀಟರಿಗೂ ಉದ್ದಕ್ಕೆ ಕೈ ಹಿಡಿದು ನಿಂತರು. ಇವೆಲ್ಲ ನಿಜವಾದರೂ, 1991ರ ಜನವರಿ 13ರಂದು ಪಕ್ಕದ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ದೂರದರ್ಶನ ಗೋಪುರವನ್ನು ಕಾಯುತ್ತಿದ್ದ ಜನರ ಮೇಲೆ ಸೋವಿಯತ್ ಸೇನೆ ನುಗ್ಗಿದಾಗ 14 ಮಂದಿ ಸತ್ತರು ಎಂಬುದೂ ಅಷ್ಟೇ ನಿಜ. ಎಸ್ಟೋನಿಯಾ 1991ರ ಆಗಸ್ಟ್ 20ರಂದು ಸ್ವಾತಂತ್ರ್ಯವನ್ನು ಮರಳಿ ಘೋಷಿಸಿದ್ದು ಮಾಸ್ಕೋದಲ್ಲಿ ನಡೆದ ಕ್ಷಿಪ್ರಕ್ರಾಂತಿಯ ಗೊಂದಲದ ನಡುವೆ. ಹಾಡು ಅಲ್ಲಿ ಮಾಡಿದ್ದೇನೆಂದರೆ, ಮನೆಯೊಳಗೆ ಒಬ್ಬೊಬ್ಬರಾಗಿ ಅಂಜಿ ಕೂತಿದ್ದವರಿಗೆ ತಾವು ಎಷ್ಟು ಮಂದಿ ಇದ್ದೇವೆ ಎಂಬುದನ್ನು ಒಂದೇ ರಾತ್ರಿಯಲ್ಲಿ ತಿಳಿಸಿಕೊಟ್ಟದ್ದು. ಅದು ಸಣ್ಣ ಕೆಲಸವೇನಲ್ಲ.

ಇನ್ನು ನಿಮ್ಮ ಎರಡನೆಯ ಆತಂಕ. ಸಮಿತಿಯ ಸದಸ್ಯರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಾಡು ಜಗಳಕ್ಕೆ ಕಾರಣವಾಗುವುದು ಅದರ ಮಾತಿನಿಂದ ಮಾತ್ರ ಎಂದು ಭಾವಿಸುವುದರಿಂದಲೇ ಧಾಟಿಯನ್ನಷ್ಟೇ ನುಡಿಸುವ ಉಪಾಯ ನಿಮಗೆ ಹೊಳೆದಿರಬೇಕು. ಅನುಭವ ಬೇರೆಯದನ್ನು ಹೇಳುತ್ತದೆ. ಬ್ರಿಟನ್ನಿನಲ್ಲೇ ಉಳಿಯಬೇಕೆನ್ನುವ ಪ್ರಾಟೆಸ್ಟೆಂಟರಿಗೂ ಐರ್ಲೆಂಡಿಗೆ ಸೇರಬೇಕೆನ್ನುವ ಕ್ಯಾಥೊಲಿಕರಿಗೂ ನಡುವಿನ ಕಲಹದಲ್ಲಿ 1960ರ ದಶಕದ ಕೊನೆಯಿಂದ 1998ರವರೆಗೆ ಸುಮಾರು 3,500 ಮಂದಿ ಸತ್ತ ಉತ್ತರ ಐರ್ಲೆಂಡಿನಲ್ಲಿ, ಪ್ರಾಟೆಸ್ಟೆಂಟರ ಸಂಘಗಳು ಬೇಸಿಗೆಯಲ್ಲಿ ಡೋಲು ಕೊಳಲುಗಳೊಂದಿಗೆ ಮೆರವಣಿಗೆ ಹೊರಡುತ್ತವೆ. ಬಾಯಿ ತೆರೆದು ಯಾರೂ ಹಾಡದಿದ್ದರೂ, ಧಾಟಿಯ ಹಿಂದಿರುವ ಮಾತು ಬೀದಿಯ ಎರಡೂ ಬದಿಯವರಿಗೆ ಗೊತ್ತು. ಆದ್ದರಿಂದಲೇ 1998ರ ಕಾನೂನಿನಡಿ ಅಲ್ಲಿ ಮೆರವಣಿಗೆಗಳಿಗೆಂದೇ ಒಂದು ಆಯೋಗಕ್ಕೆ ಅಧಿಕಾರ ಕೊಟ್ಟಿದ್ದಾರೆ. ಅದು ಮೆರವಣಿಗೆಯನ್ನು ಸಾರಾಸಗಟಾಗಿ ತಡೆಯುವುದಕ್ಕಿಂತ ಹೆಚ್ಚಾಗಿ, ಇಂಥ ಚರ್ಚಿನ ಮುಂದೆ ಹಾಯುವಾಗ ಕೇವಲ ಪ್ರಾರ್ಥನಾ ಗೀತೆ ನುಡಿಸಬೇಕು ಅಥವಾ ಹೆಜ್ಜೆಗೆ ಒಂದು ಪೆಟ್ಟಿನಂತೆ ಡೋಲನ್ನಷ್ಟೇ ಬಾರಿಸಬೇಕು ಎಂದು ಬೀದಿ ಬೀದಿಗೆ ನಿಯಮ ಮಾಡುತ್ತದೆ. ನಿಮ್ಮ ಬಡಾವಣೆಯ ಶಾಂತಿ ಸಭೆಯಲ್ಲೂ ಬಹುಶಃ ಇದೇ ಬಗೆಯ ಮಾತು ನಡೆದಿರಬೇಕು: ಯಾವ ತಿರುವಿನಲ್ಲಿ ಡಿಜೆ ಸದ್ದು ತಗ್ಗಬೇಕು, ಯಾವ ಹೊತ್ತಿನೊಳಗೆ ಮೆರವಣಿಗೆ ದಾಟಬೇಕು ಎಂದು. ಹಾಡಿನ ಬಿಸಿ ಅದರ ಸಾಹಿತ್ಯದಲ್ಲಿರುವುದಕ್ಕಿಂತ ಹೆಚ್ಚಾಗಿ ಅದು ನಿಲ್ಲುವ ಜಾಗದಲ್ಲಿ, ಹೊತ್ತಿನಲ್ಲಿ, ಯಾರ ಬಾಗಿಲಿಗೆ ಎದುರಾಗಿ ನಿಲ್ಲುತ್ತದೆ ಎಂಬುದರಲ್ಲಿ ಇರುತ್ತದೆ. ಮಾತನ್ನು ಬಿಟ್ಟು ಧಾಟಿ ನುಡಿಸಿದರೆ ಅಪಾಯ ತಗ್ಗುವುದಿಲ್ಲ, ವಿವರಿಸುವ ಅವಕಾಶ ಮಾತ್ರ ಕೈತಪ್ಪುತ್ತದೆ.

ಈ ದೃಷ್ಟಿಯಿಂದ ನೋಡಿದರೆ ನಿಮ್ಮ ಪಟ್ಟಿಯಲ್ಲಿ ನಾನು ಬೇಡವೆನ್ನುವುದು ‘ಜಾಂಬಿ’ ಒಂದನ್ನೇ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಪೇಟೆಯಲ್ಲಿ ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಲು ಆಯುಧ ಹಿಡಿದಿದ್ದ ಐರಿಷ್ ರಿಪಬ್ಲಿಕನ್ ಸೇನೆ ಎಂಬ ಗುಪ್ತ ಸಂಘಟನೆ ಇಟ್ಟ ಬಾಂಬುಗಳಿಂದ ಇಬ್ಬರು ಎಳೆಯ ಹುಡುಗರು ಸತ್ತಾಗ, ಐರ್ಲೆಂಡಿನವರೇ ಆದ, ಕ್ರ್ಯಾನ್‌ಬೆರೀಸ್ ತಂಡದ ಗಾಯಕಿ ಡೊಲೊರೆಸ್ ಓ’ರಿಯೊರ್ಡನ್ ಅದನ್ನು ಬರೆದರು. ತಮ್ಮ ಕಡೆಯವರೆಂದು ಹೇಳಿಕೊಳ್ಳುವವರು ಮಾಡಿದ ಕೊಲೆಯನ್ನು ತಮ್ಮದಲ್ಲವೆಂದು ಕೂಗಿ ಹೇಳಿದ ಧೈರ್ಯದ ಹಾಡು ಅದು. 1994ರ ಸೆಪ್ಟೆಂಬರ್‌ನಲ್ಲಿ ಅದು ಹೊರಬರುವ ಕೆಲವೇ ದಿನಗಳ ಹಿಂದೆ, ಆಗಸ್ಟ್ 31ರಂದು, ಆ ಸಂಘಟನೆ ಕದನವಿರಾಮ ಘೋಷಿಸಿತ್ತು. ಹಾಗಿದ್ದರೂ 2023ರ ರಗ್ಬಿ ವಿಶ್ವಕಪ್ಪಿನ ಹೊತ್ತಿಗೆ ಐರ್ಲೆಂಡಿನ ಅಭಿಮಾನಿಗಳು ಕ್ರೀಡಾಂಗಣಗಳಲ್ಲಿ ಅದನ್ನು ಹಾಡಿದಾಗ, ಉತ್ತರ ಐರ್ಲೆಂಡಿನ ಕೆಲವರು ತಮ್ಮ ಕಡೆ ಬ್ರಿಟಿಷ್ ಸೈನ್ಯದ ಗುಂಡಿಗೆ ಸತ್ತವರ ನೋವನ್ನು ಈ ಹಾಡು ಕಾಣುವುದಿಲ್ಲವೆಂದು ನೊಂದುಕೊಂಡರು. ಹಾಡಿನ ಯೋಗ್ಯತೆಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಅದರ ಬಲವೆಲ್ಲ ಕಿರುಚುವ ಕಂಠದಲ್ಲಿ, ಗಿಟಾರಿನ ಅಬ್ಬರದಲ್ಲಿದೆ. ವಾರ್ಷಿಕೋತ್ಸವದ ಧ್ವನಿವರ್ಧಕದಲ್ಲಿ ಕೇಳುವವರಿಗೆ ಅಬ್ಬರ ಮಾತ್ರ ತಲುಪಿ, ಸತ್ತ ಹುಡುಗರು ತಲುಪದೆ ಹೋಗುತ್ತಾರೆ. ಹಿರಿಯ ತರಗತಿಯಲ್ಲಿ ಬಾಗಿಲು ಮುಚ್ಚಿಕೊಂಡು, ಕೇಳಿಸಿ, ಚರ್ಚಿಸಲು ಅದು ಒಳ್ಳೆಯ ಹಾಡು.

ಉತ್ತರ ಐರ್ಲೆಂಡನ್ನೇ ಕೈಬಿಡುವುದು ಬೇಡ. 1998ರ ಏಪ್ರಿಲ್ 10ರಂದು ಶಾಂತಿ ಒಪ್ಪಂದವಾಯಿತು. ಅದನ್ನು ಜನ ಒಪ್ಪುತ್ತಾರೆಯೇ ಎಂದು ತಿಳಿಯಲು ಮೇ 22ರಂದು ಜನಮತ ಸಂಗ್ರಹ ನಡೆಯುವುದಿತ್ತು. ಮೂರು ದಿನ ಮುಂಚೆ ಬೆಲ್‌ಫಾಸ್ಟ್‌ನಲ್ಲಿ ಯುವಜನರಿಗೆಂದು ಏರ್ಪಡಿಸಿದ್ದ ಸಂಗೀತ ಕಾರ್ಯಕ್ರಮದಲ್ಲಿ, ಎರಡು ಕಡೆಯ ನಾಯಕರಾದ ಜಾನ್ ಹ್ಯೂಮ್ ಮತ್ತು ಡೇವಿಡ್ ಟ್ರಿಂಬಲ್ ಅವರನ್ನು ವೇದಿಕೆಗೆ ಕರೆದು, ಯು-2 ತಂಡದ ಗಾಯಕ ಬೋನೊ ಇಬ್ಬರ ಕೈಗಳನ್ನೂ ಎತ್ತಿ ಹಿಡಿದರು. ನಾಯಕರು ಭಾಷಣ ಮಾಡಲಿಲ್ಲ, ಮಾಡಬಾರದೆಂದೇ ಮೊದಲು ಮಾತಾಗಿತ್ತು. ಉತ್ತರ ಐರ್ಲೆಂಡಿನಲ್ಲಿ ಶೇ 71ರಷ್ಟು ಮತಗಳು ಒಪ್ಪಂದದ ಪರವಾಗಿ ಬಂದವು. ಆ ಒಂದು ರಾತ್ರಿಯೇ ಮತಗಳನ್ನು ತಂದಿತೆನ್ನಲು ಆಧಾರ ಸಾಲದು, ಹಾಡುಗಳೂ ಶಾಂತಿಗಾಗಿ ಹೊಸದಾಗಿ ಬರೆದವೇನಾಗಿರಲಿಲ್ಲ. ಯಾರ ಪಕ್ಕ ಯಾರು ನಿಂತರು ಎಂಬುದೇ ಅಲ್ಲಿನ ಸಾಧನೆ. ಇದನ್ನು ನಿರೂಪಣೆಯಲ್ಲಿ ಎರಡು ಮಾತಿನಲ್ಲಿ ಹೇಳಿಸಿದರೆ ಸಾಕು, ಹಾಡು ಬೇಕಿಲ್ಲ.

ನಿಮ್ಮ ಕಾರ್ಯಕ್ರಮದ ನಡುಗಂಬವಾಗಬೇಕಾದದ್ದು ದಕ್ಷಿಣ ಆಫ್ರಿಕಾದ ಗೀತೆ. ಚರಣಗಳನ್ನು ಕೈಬಿಡಬಹುದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಅದರಲ್ಲಿಯೇ ಇದೆ. ‘ನ್ಕೋಸಿ ಸಿಕೆಲೆಲ್ ಇಆಫ್ರಿಕಾ’, ಅಂದರೆ ದೇವರೇ ಆಫ್ರಿಕಾವನ್ನು ಹರಸು ಎಂಬ ಪ್ರಾರ್ಥನೆಯನ್ನು 1897ರಲ್ಲಿ ರಚಿಸಿದವರು ಎನೊಕ್ ಸೊಂಟೊಂಗ ಎಂಬ ಶಾಲಾ ಮೇಷ್ಟ್ರು. ಮಕ್ಕಳಿಂದ, ಚರ್ಚಿನ ಮೇಳದಿಂದ ಹಾಡಿಸುವುದೇ ಅವರ ಕೆಲಸವಾಗಿತ್ತು. 1912ರಲ್ಲಿ ಕಪ್ಪು ಜನರ ಕಾಂಗ್ರೆಸ್ಸಿನ ಮೊದಲ ಸಭೆಯಲ್ಲಿ ಅದನ್ನು ಹಾಡಿದರು, ಮುಂದೆ ವರ್ಣಭೇದದ ವಿರುದ್ಧದ ಹೋರಾಟದ ಉದ್ದಕ್ಕೂ ಅದು ಸಭೆಗಳಲ್ಲಿ, ಶವಯಾತ್ರೆಗಳಲ್ಲಿ ಮೊಳಗಿತು. ಇನ್ನೊಂದು ಕಡೆ, 1918ರಲ್ಲಿ ಲಾಂಗೆನ್‌ಹೋವನ್ ಎಂಬ ಕವಿ ಆಫ್ರಿಕಾನ್ಸ್ ಭಾಷೆಯಲ್ಲಿ ಬರೆದ ‘ದೀ ಸ್ಟೆಮ್’ ಬಿಳಿಯರ ಸರ್ಕಾರದ ಅಧಿಕೃತ ರಾಷ್ಟ್ರಗೀತೆಯಾಗಿತ್ತು. 1994ರಲ್ಲಿ ನೆಲ್ಸನ್ ಮಂಡೇಲಾ ಅಧ್ಯಕ್ಷರಾದಾಗ, ದಬ್ಬಾಳಿಕೆಯ ಕಾಲದ ಆ ಗೀತೆಯನ್ನು ಕಿತ್ತೊಗೆಯಬೇಕೆಂದು ಅವರ ಪಕ್ಷದೊಳಗೇ ಒತ್ತಾಯವಿತ್ತು. ಅವರು ಒಪ್ಪಲಿಲ್ಲ. ಮೂರು ವರ್ಷ ಎರಡೂ ಗೀತೆಗಳನ್ನು ಒಂದರ ಹಿಂದೊಂದು ಹಾಡಿದರು. 1997ರಲ್ಲಿ ಎರಡರ ಭಾಗಗಳನ್ನೂ ಸೇರಿಸಿ ಷೋಸಾ, ಜುಲು, ಸೆಸೊಥೊ, ಆಫ್ರಿಕಾನ್ಸ್, ಇಂಗ್ಲಿಷ್ ಎಂಬ ಐದು ಭಾಷೆಗಳ ಒಂದೇ ಗೀತೆಯನ್ನು ಮಾಡಿದರು.

ಹೀಗೆ ಸೇರಿಸುವಾಗ ಏನನ್ನು ಉಳಿಸಿದರು, ಏನನ್ನು ಬಿಟ್ಟರು ಎಂದು ನೋಡಿ. ಬಿಳಿಯರ ಗೀತೆಯಿಂದ ನೀಲಿ ಆಕಾಶ, ಆಳವಾದ ಕಡಲು, ಮಾರ್ದನಿ ಕೊಡುವ ಬೆಟ್ಟಗಳ ಸಾಲುಗಳು ಉಳಿದವು. ನಿರ್ಜನ ಬಯಲುಗಳಲ್ಲಿ ಎತ್ತಿನ ಬಂಡಿಗಳು ನರಳುತ್ತ ಸಾಗಿದ ಸಾಲು ಹೋಯಿತು. ಬಂಡಿಗಳೆಂದರೆ ಬಿಳಿಯ ವಲಸಿಗರು ಒಳನಾಡಿಗೆ ನುಗ್ಗಿ ನೆಲ ಹಿಡಿದ ಕಾಲದ ಹೆಮ್ಮೆಯ ನೆನಪು. ಆ ನೆಲ ನಿರ್ಜನವಾಗಿರಲಿಲ್ಲ ಎಂಬುದು ಅಲ್ಲಿ ಬಾಳುತ್ತಿದ್ದವರ ನೆನಪು. ಎಲ್ಲರಿಗೂ ಸೇರಿದ ಆಕಾಶ ಉಳಿಯಿತು, ಒಬ್ಬರ ಗೆಲುವೂ ಇನ್ನೊಬ್ಬರ ಸೋಲೂ ಆಗಿದ್ದ ಬಂಡಿ ಹೋಯಿತು. ಈ ಕೆಲಸವನ್ನು ಎಲ್ಲರಿಗೂ ತಿಳಿಯುವಂತೆ, ಎರಡೂ ಕಡೆಯವರನ್ನು ಕೂರಿಸಿಕೊಂಡು ಮಾಡಿದರು. ವೇದಿಕೆಯ ಹಿಂದೆ ನಾವೇ ಕುಳಿತು ಸದ್ದಿಲ್ಲದೆ ಚರಣ ತೆಗೆಯುವುದು ಅದಕ್ಕೆ ಸಮನಲ್ಲ. ಸಭೆಯಲ್ಲಿ ಆ ಹಾಡು ಬಲ್ಲವರು ಒಬ್ಬರಿದ್ದರೂ, ಬಿಟ್ಟ ಸಾಲೇ ಹಾಡಿದ ಸಾಲಿಗಿಂತ ದೊಡ್ಡದಾಗಿ ಕೇಳಿಸುತ್ತದೆ. ಒಂದು ಚರಣ ಮಕ್ಕಳಿಗೆ ತಕ್ಕದ್ದಲ್ಲವೆನಿಸಿದರೆ ಆ ಹಾಡನ್ನೇ ಬಿಟ್ಟು ಬೇರೆಯದನ್ನು ಆರಿಸಿ. ಕಾಲ ಸಾಲದೆ ಬಿಡುವುದಾದರೆ ‘ಎರಡು ಚರಣಗಳನ್ನು ಮಾತ್ರ ಹಾಡುತ್ತಿದ್ದೇವೆ’ ಎಂದು ಹೇಳಿಸಿ. ಬರೆದವರೇ ತಿದ್ದಿಕೊಳ್ಳುವುದು ಬೇರೆ ಮಾತು. ಉಕ್ರೇನಿನ ಯುದ್ಧ ಆರಂಭವಾದ 2022ರಲ್ಲಿ ಸ್ಕಾರ್ಪಿಯನ್ಸ್ ತಂಡದವರು ಮಾಸ್ಕೋವನ್ನು ಕೊಂಡಾಡುವ ತಮ್ಮ ಮೊದಲ ಸಾಲುಗಳನ್ನು ಉಕ್ರೇನಿನ ಕಡೆಗೆ ತಿರುಗಿಸಿ ಹಾಡತೊಡಗಿದರು.

ಸಂಗೀತ ಶಿಕ್ಷಕಿಯಾದ ನಿಮಗೆ ಈ ಗೀತೆಯಲ್ಲಿ ಇನ್ನೊಂದು ಆಸಕ್ತಿಯ ಸಂಗತಿಯಿದೆ. ಪ್ರಾರ್ಥನೆಯ ಭಾಗ ಒಂದು ಶ್ರುತಿಯಲ್ಲಿ ನಡೆದು, ಆಫ್ರಿಕಾನ್ಸ್ ಭಾಗ ಬರುವಲ್ಲಿ ಹಿಂದಿನ ಪಂಚಮವೇ ಹೊಸ ಷಡ್ಜವಾಗಿ ನಿಲ್ಲುತ್ತದೆ, ಕೊನೆಯವರೆಗೂ ಅದೇ ಶ್ರುತಿಯಲ್ಲಿ ಮುಂದುವರಿಯುತ್ತದೆ. ಎರಡೂ ಭಾಗಗಳ ಸ್ವರಶ್ರೇಣಿ ನಮ್ಮ ಶಂಕರಾಭರಣದ್ದೇ. ಶ್ರುತಿಪೆಟ್ಟಿಗೆಯನ್ನು ಒಂದೇ ಮನೆಯಲ್ಲಿ ಬಿಟ್ಟರೆ ಎರಡನೆಯ ಭಾಗ ಅಪಸ್ವರವಾಗಿ ಕೇಳಿಸುವುದರಿಂದ, ಹಾರ್ಮೋನಿಯಂ ನುಡಿಸುವವರಿಗೆ ಮೊದಲೇ ತಿಳಿಸಿ, ಮಕ್ಕಳಿಗೆ ಆ ತಿರುವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಿ. ಎರಡು ಗೀತೆಗಳನ್ನು ಕರಗಿಸಿ ಒಂದು ಮಾಡದೆ, ಬೆಸುಗೆ ಕೇಳಿಸುವಂತೆಯೇ ಬಿಟ್ಟಿದ್ದಾರೆ ಎಂಬುದು ನನಗೆ ಬಹಳ ಇಷ್ಟವಾದ ಅಂಶ. ಅದು ಪರದೇಶದ ರಾಷ್ಟ್ರಗೀತೆಯಾದ್ದರಿಂದ ನೃತ್ಯ ಜೋಡಿಸಬೇಡಿ, ಮಕ್ಕಳು ನೆಟ್ಟಗೆ ನಿಂತು ಹಾಡಲಿ.

ಈ ಬಗೆಯ ರಾಜಿ ಒಮ್ಮೆ ಆದರೆ ಶಾಶ್ವತವೆಂದು ಹೇಳಬೇಡಿ. ಆಫ್ರಿಕಾನ್ಸ್ ಭಾಗವನ್ನು ತೆಗೆಯಬೇಕೆಂದು ಇಂದಿಗೂ ಆ ದೇಶದ ಕೆಲವರು ಒತ್ತಾಯಿಸುತ್ತಾರೆ. ನಮ್ಮ ನೆರೆಯ ಶ್ರೀಲಂಕಾದಲ್ಲಿ 1949ರ ಬಳಿಕ ಮೊದಲ ಬಾರಿಗೆ 2016ರ ಅಧಿಕೃತ ಸ್ವಾತಂತ್ರ್ಯ ದಿನಾಚರಣೆಯಲ್ಲಿ ರಾಷ್ಟ್ರಗೀತೆಯನ್ನು ಸಿಂಹಳದ ಜೊತೆಗೆ ತಮಿಳಿನಲ್ಲಿಯೂ ಹಾಡಿದಾಗ ಕಣ್ಣೀರಿಟ್ಟವರಿದ್ದರು. ಸರ್ಕಾರ ಬದಲಾದ ಮೇಲೆ, 2020ರಲ್ಲಿ, ತಮಿಳಿನ ಗೀತೆಯನ್ನು ಬಿಟ್ಟರು.

ಕನ್ನಡದ ಹಾಡಿನಿಂದ ಮುಗಿಸಬೇಕೆಂಬ ನಿಮ್ಮ ಯೋಚನೆ ಸರಿ. ಆದರೆ ಅದು ಸುರಕ್ಷಿತವಾದ ಹಾಡು ಎಂಬ ಕಾರಣಕ್ಕೆ ಅದನ್ನು ಕೊನೆಗಿಡಬೇಡಿ, ಏಕೆಂದರೆ ಅದರ ಕಾಲದಲ್ಲಿ ಅದಕ್ಕೂ ಎದುರು ದನಿಗಳಿದ್ದವು. ಹುಯಿಲಗೋಳ ನಾರಾಯಣರಾಯರ ಈ ಗೀತೆಯನ್ನು 1924ರ ಡಿಸೆಂಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದರು. ಹಾಡಿದ ನಾಡು ಕೂಡಿದ್ದು 1956ರ ನವೆಂಬರ್ 1ರಂದು, 32 ವರ್ಷಗಳ ಮೇಲೆ. ಅದಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹಾಡು ಮುಂಚೆ, ಘಟನೆ ಬಹಳ ಆಮೇಲೆ. ‘ವಿಂಡ್ ಆಫ್ ಚೇಂಜ್’ ಹಾಡಿನ ಪಕ್ಕದಲ್ಲಿ ಇದನ್ನಿಟ್ಟರೆ ಮಕ್ಕಳಿಗೆ ಹಾಡು ಮತ್ತು ಕಾಲದ ಎರಡು ಬಗೆಯ ನಂಟೂ ಕಾಣುತ್ತದೆ.

ನಮ್ಮ ಸೀಮೆಗೆ ಈ ಹಾಡು ಪುಸ್ತಕದ ವಿಷಯವಲ್ಲ. 1956ರವರೆಗೆ ಹರಿಹರ ಮೈಸೂರು ಸಂಸ್ಥಾನದ ಅಂಚಿನ ಊರು. ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಉತ್ತರಕ್ಕೆ ಹರಪನಹಳ್ಳಿ 1953ರ ಅಕ್ಟೋಬರ್‌ವರೆಗೆ ಮದರಾಸಿನ ಆಡಳಿತದಲ್ಲಿತ್ತು. ಮಗಳನ್ನು ಹೊಳೆಯಾಚೆಗೆ ಕೊಟ್ಟವರು ಬೇರೆ ಸರ್ಕಾರದ ನಾಡಿಗೆ ಕೊಟ್ಟಂತಾಗುತ್ತಿತ್ತು. ಹಾಗಿದ್ದರೂ ಹಳೆಯ ಮೈಸೂರಿನ ಹಲವರು, ಸಂಸ್ಥಾನದ ಸುಭದ್ರ ವ್ಯವಸ್ಥೆ ಕೂಡಿಕೆಯಲ್ಲಿ ಕದಡಿಹೋಗುತ್ತದೆಂದು ಏಕೀಕರಣಕ್ಕೆ ಹಿಂಜರಿದಿದ್ದರು. ಅವರು ಶಾಲೆಯಲ್ಲಿ ಹಾಡಿ ಬೆಳೆದದ್ದು ಬಸವಪ್ಪ ಶಾಸ್ತ್ರಿಗಳ ‘ಕಾಯೌ ಶ್ರೀ ಗೌರಿ’, ಮೈಸೂರಿನ ದೊರೆಯ ಕ್ಷೇಮವನ್ನು ಬೇಡುವ ಸಂಸ್ಥಾನ ಗೀತೆ. ಚಿತ್ರದುರ್ಗ, ದಾವಣಗೆರೆ ಕಡೆಯ ಹಿರಿಯರ ಮುಂದೆ ಅದರ ಮೊದಲ ಸಾಲನ್ನು ಗುನುಗಿದರೆ ಉಳಿದದ್ದನ್ನು ಅವರೇ ಹಾಡುವುದನ್ನು ನಾನು ಕಂಡಿದ್ದೇನೆ. ಅದೇ ಹಿರಿಯರು ‘ಉದಯವಾಗಲಿ’ಯನ್ನೂ ಅಷ್ಟೇ ಪ್ರೀತಿಯಿಂದ ಹಾಡುತ್ತಾರೆ. ಕೂಡಿದ ರಾಜ್ಯದ ಮೊದಲ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ನೆಲೆಸಿ, ಅದೇ ಮೈಸೂರು ಸಂಸ್ಥಾನದೊಳಗೆ ನಾಯಕರಾಗಿ ಬೆಳೆದವರು. ಆದ್ದರಿಂದ ಕೊನೆಯಲ್ಲಿ ಎರಡು ಗೀತೆಗಳನ್ನೂ ಹಾಡಿಸಿ: ಮೊದಲು ‘ಕಾಯೌ ಶ್ರೀ ಗೌರಿ’ಯ ಒಂದು ಚರಣ, ಬಳಿಕ ‘ಉದಯವಾಗಲಿ’. ದಕ್ಷಿಣ ಆಫ್ರಿಕಾದ ಎರಡು ಗೀತೆಗಳ ಕತೆಯನ್ನು ಆಗಷ್ಟೇ ಕೇಳಿದವರಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಬೇರೆ ದಾರಿಗಳೂ ನಿಮಗಿವೆ. ವಿದೇಶದ ಹಾಡುಗಳನ್ನೆಲ್ಲ ಬಿಟ್ಟು ಕನ್ನಡದವುಗಳನ್ನಷ್ಟೇ ಹಾಡಿಸಿದರೆ ಸಮಿತಿ ಒಪ್ಪುತ್ತದೆ, ಅಭ್ಯಾಸವೂ ಸುಲಭ. ಆದರೆ ಉರ್ದು, ಮರಾಠಿ, ತೆಲುಗು, ಲಂಬಾಣಿ ಮನೆಮಾತಿನ ಮಕ್ಕಳು ನಿಮ್ಮ ಮೇಳದಲ್ಲಿ ಖಂಡಿತ ಇರುತ್ತಾರೆ. ಐದು ಭಾಷೆಗಳ ಒಂದು ಗೀತೆಯನ್ನು ಎಲ್ಲರಿಗೂ ಸಮಾನವಾಗಿ ಹೊಸದಾದ ನುಡಿಯಲ್ಲಿ ಕಲಿಯುವ ಅವಕಾಶ ಅವರಿಗೆ ತಪ್ಪುತ್ತದೆ. ಪಟ್ಟಿಯಲ್ಲಿರುವುದನ್ನೆಲ್ಲ ನಲವತ್ತು ನಿಮಿಷಕ್ಕೆ ತುಂಬಿದರೆ ನಿರೂಪಣೆಗೆ ಸಮಯ ಸಾಲದು, ಆಗ ‘ಗೋಡೆ ಕೆಡವಿದ ಹಾಡು’ ಎಂಬಂಥ ಅವಸರದ ಮಾತುಗಳೇ ಉಳಿಯುತ್ತವೆ. ಪೋರ್ಚುಗಲ್, ಎಸ್ಟೋನಿಯಾ, ದಕ್ಷಿಣ ಆಫ್ರಿಕಾದ ಒಂದೊಂದು, ಬೇಕಿದ್ದರೆ ‘ವಿಂಡ್ ಆಫ್ ಚೇಂಜ್’, ಕೊನೆಗೆ ನಮ್ಮ ಎರಡು, ಪ್ರತಿಯೊಂದಕ್ಕೂ ಎರಡು ನಿಮಿಷದ ನಿರೂಪಣೆ: ಇಷ್ಟೇ ಸಾಕಷ್ಟಾಯಿತು. ನಿರೂಪಣೆಯ ಪ್ರತಿಯನ್ನು ಮುಂಚಿತವಾಗಿ ಸಮಿತಿಯ ಆ ಸದಸ್ಯರಿಗೆ ಕೊಡಿ. ಶಾಂತಿ ಸಭೆಯಲ್ಲಿ ಕುಳಿತಿದ್ದ ಎರಡೂ ಕಡೆಯ ಹಿರಿಯರಲ್ಲಿ ಒಬ್ಬೊಬ್ಬರನ್ನು ಅಭ್ಯಾಸದ ದಿನವೇ ಕರೆದು ಕೇಳಿಸಿ, ಸಮಾರಂಭದ ದಿನ ಅವರಿಗೆ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕುರ್ಚಿ ಹಾಕಿಸಿ. ಅವರಲ್ಲಿ ಯಾರಾದರೂ ಒಂದು ಹಾಡಿನ ಬಗ್ಗೆ ಮುಖ ಸಿಂಡರಿಸಿದರೆ ಕಾರಣ ಕೇಳಿ ತಿಳಿದುಕೊಳ್ಳಿ. ಹಾಡನ್ನು ಬಿಡಬೇಕೋ, ನಿರೂಪಣೆಯಲ್ಲಿ ಒಂದು ಮಾತು ಸೇರಿಸಬೇಕೋ ಎಂಬುದು ಆ ಮಾತುಕತೆಯಿಂದಲೇ ಗೊತ್ತಾಗುತ್ತದೆ.

ಯೂಟ್ಯೂಬಿನ ವಿಷಯ. ಶಾಲೆಯ ಚಟುವಟಿಕೆಯ ಅಂಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಹಾಡುವುದಕ್ಕೆ, ಕೇಳುಗರು ಶಾಲೆಯವರು, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರಷ್ಟೇ ಆಗಿದ್ದಲ್ಲಿ, ನಮ್ಮ ಕೃತಿಸ್ವಾಮ್ಯ ಕಾನೂನು ವಿನಾಯಿತಿ ಕೊಡುತ್ತದೆ. ಆ ವಿನಾಯಿತಿ ಅಂತರ್ಜಾಲದಲ್ಲಿ ಪ್ರಕಟಿಸುವುದಕ್ಕೆ ಅನ್ವಯಿಸುವುದಿಲ್ಲ. ‘ವಿಂಡ್ ಆಫ್ ಚೇಂಜ್’, ‘ಗ್ರಾಂಡೊಲ’, ಎರ್ನೆಸಾಕ್ಸ್ ಅವರ ರಾಗ ಈ ಮೂರರ ಮೇಲೂ ಹಕ್ಕುದಾರರಿದ್ದಾರೆಂದು ಭಾವಿಸಿಯೇ ನಡೆದುಕೊಳ್ಳಿ. ಪೂರ್ತಿ ವಿಡಿಯೊವನ್ನು ಶಾಲೆಯ ದಾಖಲೆಗೆಂದು ಇಟ್ಟುಕೊಂಡು, ಹೊರಗೆ ಹಾಕುವುದಿದ್ದರೆ ಮಕ್ಕಳ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆದು ನಿರೂಪಣೆಯ ಭಾಗವನ್ನೂ ‘ಕಾಯೌ ಶ್ರೀ ಗೌರಿ’ಯನ್ನೂ ಹಾಕಬಹುದು. ತುಣುಕು ಮಾಡುವಾಗ ನಿರೂಪಣೆಯನ್ನು ಕತ್ತರಿಸಿ ಹಾಡನ್ನಷ್ಟೇ ಉಳಿಸದಂತೆ ವಿಡಿಯೊ ಮಾಡುವವರಿಗೆ ಮೊದಲೇ ಹೇಳಿಡಿ.